ಎಲೆಯ ಮುಂದೆ ಕೂತವನು

ಮೊನ್ನೆ ಮಗಳು ಟೀವಿಯಲ್ಲಿ ಒಂದು ಬ್ರಿಟಿಷ್ ಸಿನಿಮಾ ಹಾಕಿದಳು. ಪೊಲೀಸರಿಗೆ ಸುಳಿವು ಕೊಟ್ಟವನೊಬ್ಬನನ್ನು ಬಾಡಿಗೆ ಕೊಲೆಗಾರರಿಬ್ಬರು ಕಾರಿನಲ್ಲಿ ಕರ್ಕೊಂಡು ಹೋಗುವ ಕಥೆ. ಅವನ ತಲೆಗೆ ಪಿಸ್ತೂಲು ಹಿಡಿದಲ್ಲಿಗೆ "ಆಫ್ ಮಾಡು" ಅಂದೆ. "ಎಂತ ಅಮ್ಮ, ಸಿನಿಮಾ ಅಲ್ವಾ?" ಅಂದಳು. ಸಿನಿಮಾ ಅಂತೆ! ಅಂಥವರು ನಮ್ಮ ಹೋಟೆಲಿಗೇ ಬಂದು ಉಂಡಾಗ ಇವಳು ಪುತ್ತೂರಿನ ಹಾಸ್ಟೆಲಿನಲ್ಲಿದ್ದಳು. ನಾವು ಹೇಳಿರಲಿಲ್ಲ.

ನಮ್ಮದು ಘಾಟಿಯ ಬುಡದ ಗುಂಡ್ಯದಲ್ಲಿ ಹೆದ್ದಾರಿ ಬದಿಯ ಊಟದ ಹೋಟೆಲು. ಗಂಡ ಅಡುಗೆ, ನಾನು ಬಡಿಸುದು. ಆ ಮಧ್ಯಾಹ್ನ ತುಂಬಿದ ಹೋಟೆಲಿಗೆ ಮೂವರು ಬಂದು ಒಂದೇ ಬೆಂಚಿನಲ್ಲಿ ಒತ್ತಿ ಕೂತರು. ನಡುವಿನವನ ತುಟಿ ಒಡೆದಿತ್ತು, ಎಡಗೈ ಬೆರಳುಗಳು ಬಾತು ನೀಲಿಯಾಗಿದ್ದವು. "ಬಿದ್ದದ್ದಾ?" ಕೇಳಿದೆ.

"ಕಳ್ಳಮರದ ಲಾರಿ ಹಿಡಿಸಲಿಕ್ಕೆ ಫಾರೆಸ್ಟಿನವರಿಗೆ ಫೋನ್ ಒತ್ತಿದ ಬೆರಳು ಅಕ್ಕ ಅದು" ಅಂತ ಬದಿಯಲ್ಲಿದ್ದ ಇಬ್ಬರಲ್ಲಿ ಚಿಕ್ಕವನು ನಕ್ಕ. ಆಚೆ ಕೂತ ದೊಡ್ಡವನು ಗದರಿದ, "ಬೇಗ ಉಣ್ಣಿ, ಘಾಟಿ ಹತ್ತಲಿಕ್ಕುಂಟು."

ಘಾಟಿಯ ಕಾಡಿನಲ್ಲಿ ಎಂತ ಮಾಡ್ತಾರೆಂದು ಬಿಡಿಸಿ ಹೇಳಬೇಕಾ? ಒಳಗೆ ಹೋಗಿ ಗಂಡನ ಕಿವಿಯಲ್ಲಿ ಹೇಳಿ ಬಂದೆ.

ನಮ್ಮ ಕಡೆ ಎಲೆಯ ಮುಂದೆ ಕೂತವನನ್ನು ಎಬ್ಬಿಸುದಿಲ್ಲ. ಕಡಿಯಲಿಕ್ಕೆ ಬಂದವನೂ ಕೈ ತೊಳೆಯುವವರೆಗೆ ಕಾಯ್ತಾನೆ. ಮಾತು ಕೇಳಿದರೆ ಇವರೂ ಈ ಸೀಮೆಯವರೇ. ಹಾಗಾಗಿ ಅನ್ನ ಮುಗಿಯುವ ಮೊದಲೇ ನಡುವಿನವನ ಎಲೆಗೆ ಇನ್ನೊಂದು ಸೌಟು ಹಾಕಿದೆ. ಮತ್ತೊಂದು. ಅವನಿಗೆ ಅರ್ಥ ಆಯಿತು, ಒಂದೊಂದೇ ಅಗುಳು ಉಣ್ಣಲಿಕ್ಕೆ ಸುರು ಮಾಡಿದ. ಸಾರಿಗೆ ತುಟಿ ಉರಿದು ಕಣ್ಣಲ್ಲಿ ನೀರು. ಉಣ್ಣು ಮಾರಾಯ, ಉಣ್ಣು, ಅಂತ ಮನಸ್ಸಿನಲ್ಲೇ ಬೇಡಿದೆ. ಗಂಡ ಒಳಗಿನಿಂದ ಪೊಲೀಸರಿಗೆ ಫೋನ್ ಮಾಡಿದ್ದರು, ಅವರು ಬರಬೇಕಲ್ಲ!

ಚಿಕ್ಕವನಿಗೆ ತಾಳ್ಮೆ ತಪ್ಪಿತು. ನಡುವಿನವನ ಕೂದಲು ಹಿಡಿದು ಮುಖವನ್ನು ಎಲೆಗೆ ಕುಕ್ಕಿದ. ಮೂಗಿನ ರಕ್ತ ಅನ್ನಕ್ಕಿಳಿಯಿತು. ಪಟಾರ್ ಅಂತ ಒಂದು ಪೆಟ್ಟು ಬಿತ್ತು. ಹೊಡೆದದ್ದು ದೊಡ್ಡವನು, ಚಿಕ್ಕವನ ಕೆನ್ನೆಗೆ.

"ಉಣ್ಣುವವನ ಮೇಲೆ ಕೈ ಮಾಡ್ತೀಯಾ, ನಾಯಿ? ಅವನು ಏಳಲಿ."

ಕೊಲ್ಲಲಿಕ್ಕೆ ಕರ್ಕೊಂಡು ಹೋಗುವವನ ನೇಮ ನೋಡಿ ಮಾರಾಯ್ರೆ! ನಾನು ಬೇರೆ ಎಲೆ ಹಾಕಿ ಮತ್ತೆ ಬಡಿಸಿದೆ.

ಚಿಕ್ಕವನು ಚೂರಿ ತೆಗೆದು ನನ್ನ ಹೊಟ್ಟೆಗೆ ಒತ್ತಿದ. "ಇನ್ನೊಂದು ಸೌಟು ಹಾಕಿದ್ರೆ ನೋಡು." ನಡುವಿನವನು ಆ ಚೂರಿಯನ್ನೇ ನೋಡಿದ. ಆಮೇಲೆ ಎಲೆ ಮಡಚಿದ.

"ಸಾಕಕ್ಕ" ಅಂದ.

ನನ್ನನ್ನು ಉಳಿಸಲಿಕ್ಕೇ ಅವನು ಎದ್ದದ್ದು. ಅವನು ಕೈ ತೊಳೆಯಲಿಕ್ಕೆ ನಳ್ಳಿಗೆ ಬಗ್ಗಿದ, ಅವರಿಬ್ಬರೂ ಅವನ ಬೆನ್ನ ಹಿಂದೆ ನಿಂತರು. ನಾನು ಒಳಗೆ ನುಗ್ಗಿ, ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿತಿಳಿಯ ಪಾತ್ರೆ ಎತ್ತಿ ತಂದು ಇಬ್ಬರ ತಲೆಗೂ ಹೊಯ್ದೆ. ಆ ಕಿರುಚಾಟ! ದೊಡ್ಡವನ ಕಿವಿಯ ಚರ್ಮ ಅವನ ಕೈಗೇ ಬಂತು. ಚಿಕ್ಕವನು ಕಣ್ಣು ಕಾಣದೆ ಚೂರಿ ಬೀಸಿ ನನ್ನ ತೋಳು ಸೀಳಿದ. ಗಂಡ ಒನಕೆ ಹಿಡಿದು ಬಂದು ಅವನ ಮೊಣಕೈಗೆ ಹೊಡೆದರು, ಮೂಳೆ ಮುರಿದದ್ದು ಕೇಳಿಸಿತು. ಇಬ್ಬರೂ ಕಾರು ಹತ್ತಿ ಓಡಿದರು.

ಪೊಲೀಸರು ಬಂದಾಗ ನಡುವಿನವನು ಅಡುಗೆಮನೆಯ ಮೂಲೆಯಲ್ಲಿ ಉಂಡದ್ದೆಲ್ಲ ಕಾರುತ್ತಿದ್ದ. ಬದುಕಿದ್ದ.

"ಯಾರು ನೋಡಿದ್ದು?" ಕೇಳಿದರು. ಹೋಟೆಲು ತುಂಬ ಜನ ಇದ್ದರು. ಒಬ್ಬರೂ ಎಲೆಯಿಂದ ತಲೆ ಎತ್ತಲಿಲ್ಲ. ಹೇಳಬೇಡ ಅಂತ ಗಂಡ ನನ್ನ ಗಾಯ ಇಲ್ಲದ ತೋಳು ಹಿಡಿದು ಬಲವಾಗಿ ಹಿಂಡಿದರು.

"ನಾನು ನೋಡಿದ್ದೇನೆ. ಇಬ್ಬರ ಮುಖವೂ. ಕಾರಿನ ನಂಬರೂ ಹೇಳ್ತೇನೆ, ಬರ್ಕೊಳ್ಳಿ" ಅಂದೆ.

ಆ ಇಬ್ಬರು ಇನ್ನೂ ಸಿಕ್ಕಿಲ್ಲ. ಗಂಡ ಈಗ ತರಕಾರಿ ಹೆಚ್ಚುದು ಹೆದ್ದಾರಿಗೆ ಮುಖ ಮಾಡಿ ಕೂತು.