ಟೇಪಿನೊಳಗೆ ಓದುತ್ತಿದ್ದ ಮೊಮ್ಮಗಳು

ನನ್ನ ಮೊಮ್ಮಗಳು ನನಗೆ ಮೋಸ ಮಾಡಿದಳು. ಓದುವುದಕ್ಕಾಗಿ ಮಾಡಿದಳು. ನಡೆದದ್ದು ಇಷ್ಟೇ. ಆಮೇಲೆ ನೆಂಟರು ಇದಕ್ಕೆ ಬಾಲ ಹಚ್ಚಿ, ಹುಡುಗಿ ಯಾರಿಗೋ ಪತ್ರ ಬರೆಯುತ್ತಿದ್ದಳಂತೆ, ಮುದುಕಿ ಕದ ಮುರಿದು ಹಿಡಿದಳಂತೆ ಎಂದೆಲ್ಲ ಹೇಳಿಕೊಂಡು ತಿರುಗಿದರು. ನಾನು ಕದ ಮುರಿಯಲಿಲ್ಲ. ಚಿಲಕ ಸಡಿಲವಿತ್ತು. ತಳ್ಳಿದೆ, ತೆರೆಯಿತು.

ಹೈದರಾಬಾದಿನಲ್ಲಿ ಜನ ಕಂಪ್ಯೂಟರು ಕಂಪ್ಯೂಟರು ಎಂದು ಹುಚ್ಚೆದ್ದಿದ್ದ ಕಾಲ ಅದು. ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಕಡೆಯ ಜನ ಅವಕ್ಕೆ ಇಟ್ಟಿಗೆ ಹೊರುತ್ತಿದ್ದರು, ಮೈಸೂರು ಬೆಂಗಳೂರಿನ ಹುಡುಗರು ಹುಡುಗಿಯರು ಅವುಗಳ ಒಳಗೆ ತಣ್ಣಗೆ ಕೂತು ಕೆಲಸ ಮಾಡುತ್ತಿದ್ದರು. ನಾವಿದ್ದದ್ದು ಬಾಲಾನಗರದಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಮಗ ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ರಾತ್ರಿ ಪಾಳಿ ಮಾಡುತ್ತಿದ್ದ. ಬೆಳಿಗ್ಗೆ ಬಂದು ಉಂಡು ಮುಂದಿನ ಕೋಣೆಯಲ್ಲಿ ಮಲಗುವವನು. ಸೊಸೆ ನಾಚಾರಂನ ಗುಳಿಗೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆಂದು ಮುಂಜಾನೆಯೇ ವ್ಯಾನು ಹತ್ತುವವಳು. ಹಗಲು ಮನೆಯಲ್ಲಿ ನಾನು, ನನ್ನ ಜೋಳದ ಹಿಟ್ಟು. ಸುತ್ತಲಿನ ಕನ್ನಡದವರು ನನ್ನ ಹತ್ತಿರ ರೊಟ್ಟಿ ಕೊಳ್ಳುತ್ತಿದ್ದರು.

ನಾನು ಕಲಿತದ್ದು ಎರಡನೆಯ ತರಗತಿ. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಆ ಶಾಲೆಯಿಂದ ನನಗೆ ಉಳಿದದ್ದು ಸದ್ದು ಮಾತ್ರ. ಮಗ್ಗಿ ಹೇಳುವ ಸದ್ದು ಊರಾಚೆಗೂ ಕೇಳಬೇಕು. ಕೇಳದಿದ್ದರೆ ಮಾಸ್ತರರ ಬೆತ್ತ ಕೇಳುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಓದು ಎಂದರೆ ಸದ್ದು. ಮೊಮ್ಮಗಳು ಇಂಟರ್, ಅಂದರೆ ಅಲ್ಲಿಯ ಪಿಯುಸಿ, ಓದುವಾಗ ಅಡ್ಡಾಡುತ್ತ ಗಟ್ಟಿಯಾಗಿ ಒದರುತ್ತಿದ್ದಳು. ನನಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ರೊಟ್ಟಿ ಬಡಿಯುತ್ತ ಕಿವಿ ಅಲ್ಲೇ ಇಟ್ಟಿರುತ್ತಿದ್ದೆ. ದನಿ ನಿಂತರೆ ನನ್ನ ಕೈಯೂ ನಿಲ್ಲುತ್ತಿತ್ತು. "ಯಾಕ ನಿಂತಿ?" ಎಂದು ಇಲ್ಲಿಂದಲೇ ಕೂಗುತ್ತಿದ್ದೆ. ಹಾಗೆ ಓದಿಯೇ ಒಳ್ಳೆಯ ನಂಬರು ಬಂತು, ಇಂಜಿನಿಯರಿಂಗಿನಲ್ಲಿ ಕಂಪ್ಯೂಟರ್ ಸೀಟು ಸಿಕ್ಕಿತು. ಓಣಿಗೆಲ್ಲ ಪೇಡಾ ಹಂಚಿದೆವು.

ಕಾಲೇಜಿನ ಮೊದಲ ಪರೀಕ್ಷೆಯಲ್ಲೇ ಫೇಲಾದಳು. ಗಣಿತವೂ ಹೋಯಿತು, ಕೆಮಿಸ್ಟ್ರಿಯೂ ಹೋಯಿತು. ಮಗ ರಾತ್ರಿ ಪಾಳಿ ಮುಗಿಸಿ ಬಂದವನು ಶರ್ಟು ಕೂಡ ಬಿಚ್ಚದೆ ಅವಳ ಎದುರು ನಿಂತ.

"ವರ್ಷದ ಪರೀಕ್ಷಾದಾಗೂ ಇದ ಹಾಡಾದ್ರ ಕಾಲೇಜು ಬಂದ್. ನಿಮ್ಮವ್ವನ ಜೋಡಿ ವ್ಯಾನ್ ಹತ್ತು, ಗುಳಿಗಿ ತುಂಬು."

"ಓದಾಕತ್ತೀನಿ ಅಪ್ಪಾ."

"ನಿನ್ನ ಇಂಗ್ಲಿಷು ನನಗ ಗೊತ್ತಾಗಂಗಿಲ್ಲ. ಕಿವಿ ಅದಾವ ನನಗ. ದನಿ ಕೇಳಿತಂದ್ರ ಓದಾಕತ್ತಿ. ಕೇಳಲಿಲ್ಲಂದ್ರ ಇಲ್ಲ. ಮುಗೀತು."

ಸೊಸೆ ಮಾತ್ರ ಮಗಳನ್ನು ಅಡುಗೆಮನೆಗೆ ಕರೆದು ತನ್ನ ಬೆರಳ ತುದಿ ತೋರಿಸಿದಳು. ದಿನವಿಡೀ ರಟ್ಟಿನ ಡಬ್ಬಿ ಮಡಚಿ ಮಡಚಿ ಚರ್ಮ ಬಿರಿದಿತ್ತು. "ನೋಡ್ಕೋ" ಎಂದಳು, ಅಷ್ಟೇ.

ಅಷ್ಟಾದ ಮೇಲೆ ಹುಡುಗಿ ಇನ್ನೂ ಗಟ್ಟಿಯಾಗಿ ಓದಬೇಕಿತ್ತು. ಬದಲಿಗೆ ಬಾಯಿ ಕಟ್ಟಿತು. ಪರೀಕ್ಷೆಗೆಂದು ಕಾಲೇಜು ರಜೆ ಕೊಟ್ಟಿತ್ತು. ಇಡೀ ದಿನ ಒಳಕೋಣೆಯಲ್ಲಿ ಕದ ಹಾಕಿಕೊಂಡು ಕೂರುತ್ತಿದ್ದಳು, ಒಂದು ಸದ್ದಿಲ್ಲ. ನನ್ನ ತಲೆಗೆ ಏನೇನೋ ಬಂತು. ಮಲಗಿದ್ದಾಳೆ. ಕಿಟಕಿಯಲ್ಲಿ ಯಾರನ್ನೋ ನೋಡುತ್ತಿದ್ದಾಳೆ. ಕಾಲೇಜಿನಲ್ಲಿ ಯಾರೋ ಗಂಟುಬಿದ್ದಿದ್ದಾನೆ. ಸವಟಿನಿಂದ ಕದ ಬಡಿದೆ. "ಓದಾಕತ್ತೀನಿ ಆಯಿ, ಸುಮ್ಮನಿರು" ಎಂದಳು. ಸುಮ್ಮನಿರು ಎನ್ನುವವರನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ. ಮತ್ತೆ ಬಡಿದೆ. ಆ ವಾರವೆಲ್ಲ ನನ್ನ ಕೈ ಹಿಟ್ಟಿನ ಮೇಲೆ ಇದ್ದದ್ದಕ್ಕಿಂತ ಆ ಕದದ ಮೇಲೆ ಹೆಚ್ಚು ಇತ್ತು.

ನನಗೆ ಅನುಮಾನ ಬಂದದ್ದು ಮಹಡಿಯ ಹುಡುಗಿಯ ಮೇಲೆ. ಮೈಸೂರಿನವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಒಬ್ಬಳೇ ಇದ್ದಳು. ಸಂಜೆ ನಮ್ಮವಳು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಗುಸುಗುಸು ಮಾತಾಡುವುದನ್ನು ನೋಡಿದ್ದೆ. ರೊಟ್ಟಿಗೆ ಬಂದಾಗ ನಿಲ್ಲಿಸಿಕೊಂಡು ಕೇಳಿದೆ.

"ಏನವ್ವಾ, ನಮ್ಮ ಹುಡುಗಿ ತಲ್ಯಾಗ ಏನ ತುಂಬಾಕತ್ತಿ?"

"ತುಂಬ್ತಾ ಇಲ್ಲ ಅಜ್ಜಿ, ಖಾಲಿ ಮಾಡೋಕೆ ಹೇಳಿದೀನಿ," ಎಂದು ನಕ್ಕಳು. "ಗಟ್ಟಿಯಾಗಿ ಓದಿದ್ರೆ ಬಾಯಿಗೆ ಅಭ್ಯಾಸ ಆಗತ್ತೆ ಅಷ್ಟೆ. ಒಂದ್ಸಲ ಓದಿ, ಪುಸ್ತಕ ಮುಚ್ಚಿ, ಏನು ನೆನಪಿದೆ ಅಂತ ಬರೆದು ನೋಡ್ಬೇಕು. ನಾಲ್ಕು ದಿನ ಬಿಟ್ಟು ಅದನ್ನೇ ಇನ್ನೊಂದ್ಸಲ ಬರೀಬೇಕು. ಅಲ್ಲಿ ಸಿಕ್ಕಿಹಾಕಿಕೊಂಡ್ರೆ ಗೊತ್ತಿಲ್ಲ ಅಂತ. ನಾನೂ ಮೊದಲನೇ ವರ್ಷ ಹೀಗೇ ಡುಮ್ಕಿ ಹೊಡ್ದಿದ್ದೆ."

"ಪುಸ್ತಕ ಮುಚ್ಚಿ ಓದೂದು ಯಾವೂರ ಪದ್ಧತಿ? ಕಣ್ಣು ಮುಚ್ಚಿ ರೊಟ್ಟಿ ಬಡಿ ಅಂದಂಗಾತು."

"ನೀವು ಕಣ್ಮುಚ್ಚಿಕೊಂಡೂ ಬಡೀತೀರಲ್ಲ ಅಜ್ಜಿ!"

"ಬಾಯಿ ಭಾಳ ಐತಿ ನಿನಗ. ರೊಟ್ಟಿ ತಗೊಂಡು ಹೋಗು."

ಫೇಲಾದವಳು ಫೇಲಾದವಳಿಗೆ ದಾರಿ ಹೇಳುತ್ತಿದ್ದಾಳೆ ಎಂದು ನನಗೆ ಇನ್ನಷ್ಟು ಹೆದರಿಕೆಯಾಯಿತು. ಅವತ್ತಿನಿಂದ ಕದ ಬಡಿಯುವುದನ್ನು ಜೋರು ಮಾಡಿದೆ.

ಒಂದು ದಿನ ಹುಡುಗಿ ಕೋಠಿ ಬಜಾರಿಗೆ ಹಳೆಯ ಪುಸ್ತಕ ತರುತ್ತೇನೆಂದು ಹೋದವಳು ಪುಸ್ತಕದ ಜೊತೆ ಒಂದು ಹಳೆಯ ಟೇಪ್ ರೆಕಾರ್ಡರು ಹಿಡಿದುಕೊಂಡು ಬಂದಳು. ಇಂಗ್ಲಿಷ್ ಮಾತಾಡುವುದನ್ನು ಕೇಳಿ ಕಲಿಯಬೇಕಂತೆ. ಸರಿ, ಇದ್ದೀತು ಎಂದುಕೊಂಡೆ. ಮರುದಿನವೇ ಒಳಕೋಣೆಯಿಂದ ದನಿ ಶುರುವಾಯಿತು. ಮೊದಲಿನ ಹಾಗೇ, ಗಟ್ಟಿಯಾಗಿ, ಒಂದೇ ಸಮನೆ. ಮಗ ಹಾಸಿಗೆಯಲ್ಲೇ ಹೊರಳಿ, "ಹಾದಿಗೆ ಬಂದಳು ನೋಡು" ಎಂದ. ಅವನಿಗೆ ನಿದ್ದೆ ಹತ್ತಿತು. ನನಗೆ ಹತ್ತಲಿಲ್ಲ. ಅಷ್ಟು ದಿನ ನಾನು ಕದ ಬಡಿದರೂ ಬಗ್ಗದವಳು ತಾನಾಗಿ ಹೇಗೆ ಬಗ್ಗಿದಳು?

ಕಿವಿಗೊಟ್ಟು ಕೇಳತೊಡಗಿದೆ. ಹುಡುಗಿಗೆ ನೀರಡಿಕೆಯೇ ಆಗುತ್ತಿರಲಿಲ್ಲ. ಓದುತ್ತ ಓದುತ್ತ ಒಂದು ಕಡೆ ಕೆಮ್ಮುತ್ತಿದ್ದಳು, ಎರಡು ಸಣ್ಣವು, ಒಂದು ದೊಡ್ಡದು. ಮಾರನೆಯ ದಿನವೂ ಎರಡು ಸಣ್ಣವು, ಒಂದು ದೊಡ್ಡದು. ಊಟಕ್ಕೆ ಬಂದಾಗ ಸುಮ್ಮನೆ ಒಂದು ಮಾತು ಬಿಟ್ಟೆ.

"ದಿನಾ ಅದನ್ನ ಓದಾಕತ್ತೀ ಏನು? ಪಾಠ ಮುಂದಕ್ಕ ಹೋಗಂಗಿಲ್ಲೇನು?"

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಹೊಸದು ಶುರು ಮಾಡ್ತೀನಿ ಆಯಿ."

ಮಾರನೆಯ ಬೆಳಿಗ್ಗೆ ನಿಜವಾಗಿಯೂ ಹೊಸದು ಓದಿದಳು. ಕೆಮ್ಮಲಿಲ್ಲ. ನಾನೇ ಸುಮ್ಮಸುಮ್ಮನೆ ಅನುಮಾನಪಡುತ್ತಿದ್ದೇನೆಯೇ ಎಂದು ಅಂದುಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ಮಗ ಪಾಳಿಗೆ ಹೋದ. ದೇವರ ಮುಂದೆ ದೀಪ ಹಚ್ಚಿ ನಿಂತಿದ್ದೆ. ಒಳಕೋಣೆಯಲ್ಲಿ ಓದು ನಡೆದಿತ್ತು. ಅದರ ನಡುವೆ ಯಾರೋ ಹೆಂಗಸು ಗಂಟಲು ಹರಿಯುವ ಹಾಗೆ ಕೂಗಿದಳು:

"ಏಮಮ್ಮಾ, ಇದಿ ನಿನ್ನಟಿದೇ ಕದಾ!"

ನಿನ್ನೆಯ ಸೊಪ್ಪನ್ನೇ ತಂದಿದ್ದೀಯಲ್ಲ ಎಂದು ಸೊಪ್ಪಿನವಳಿಗೆ ತೆಲುಗಿನಲ್ಲಿ ಬೈಯುವ ಮಾತು. ಬೆಳಿಗ್ಗೆ ಬಾಗಿಲಲ್ಲಿ ನಾನು ಬೈದದ್ದು. ದನಿಯೂ ನನ್ನದೇ. ನಾನು ಇಲ್ಲಿ ದೇವರ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ಅಲ್ಲಿ ಒಳಗೆ ಜಗಳ ಮಾಡುತ್ತಿದ್ದೇನೆ. ಹಿಂದೆಯೇ ಟಪ ಟಪ ಎಂದು ನನ್ನ ರೊಟ್ಟಿಯ ಸದ್ದು.

ಹೋಗಿ ಕದ ತಳ್ಳಿದೆ.

ಟೇಪು ಮೇಜಿನ ಮೇಲೆ ಓದುತ್ತಿತ್ತು. ಹುಡುಗಿ ನೆಲದ ಮೇಲೆ ಕೂತಿದ್ದಳು, ಸುತ್ತಲೂ ಹಾಳೆಗಳು. ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದಳು. ನಾನು ಒಳಗೆ ಬಂದದ್ದೂ ತಿಳಿಯಲಿಲ್ಲ. ಒಂದು ಹಾಳೆ ಎಳೆದುಕೊಂಡೆ. ಎಲ್ಲ ಇಂಗ್ಲಿಷು.

"ಯಾರಿಗಿದು ಕಾಗದ? ಹೆಸರು ಹೇಳು."

ಹತ್ತಿ ತೆಗೆದಳು. "ಯಾವ ಕಾಗದ ಆಯಿ? ಇದು ಕೆಮಿಸ್ಟ್ರಿ."

"ಖೋಡಿ! ನನ್ನ ದನೀನೂ ಕದ್ದಿಯಲ್ಲ!"

"ಕದ್ದಿಲ್ಲ. ಬೆಳಿಗ್ಗೆ ನಾ ಓದಿದ್ದನ್ನ ಟೇಪಿನಾಗ ತುಂಬಿಕೊಳ್ಳೂವಾಗ, ಕದ ಹಾಕಿದ್ರೂ ನಿನ್ನ ದನಿ ಒಳಗ ಬಂದ್ರ ನಾ ಏನ ಮಾಡ್ಲಿ?" ಎಂದಳು. ಆಮೇಲೆ ಅಳು ಬಂತು, ಅಳುತ್ತಲೇ ಜಗಳ ಮಾಡಿದಳು. "ಪುಸ್ತಕ ಮುಚ್ಚಿ ನೆನಸಿ ಬರೀಬೇಕು ಅಂದ್ರ ಸುಮ್ಮನ ಕೂಡಬೇಕು. ಸುಮ್ಮನ ಕೂತ್ರ ನೀ ಕದ ಬಡೀತಿ. ಅಪ್ಪ ಎದ್ದು ಬೈತಾನ. ಒದರಿಕೋತ ಹೆಂಗ ನೆನಸಲಿ? ನಿಮಗ ಸದ್ದು ಬೇಕು, ನನಗ ಪಾಸಾಗಬೇಕು."

ಅಳುವವರನ್ನೂ ನಾನು ಬೇಗ ನಂಬುವವಳಲ್ಲ. ಟೇಪಿನ ಬಾಯಿ ಮುಚ್ಚಿಸು ಎಂದೆ. ಅವಳು ಗುಂಡಿ ಒತ್ತಿದಳು. ನಾನು ಮಂಚದ ಮೇಲೆ ಕೂತೆ.

"ತಲ್ಯಾಗ ಐತಿ ಅಂದ್ರ ಹೇಳು ನೋಡೋಣ. ಪುಸ್ತಕ ನನ್ನ ಕೈಯಾಗ ಕೊಡು. ಕನ್ನಡದಾಗ ಹೇಳು, ನನಗ ತಿಳಿಯಂಗ."

"ನಿನಗ ಏನ ತಿಳೀತದ ಆಯಿ?"

"ಸುಳ್ಳು ತಿಳೀತದ. ಹೇಳು."

ಅವಳು ಕಣ್ಣು ಒರೆಸಿಕೊಂಡು ಶುರು ಮಾಡಿದಳು. ನೀರಿನ ಪಾಠ. ಗಡಸು ನೀರು ಎಂದು ಇರುತ್ತದಂತೆ, ಅದರಲ್ಲಿ ಸುಣ್ಣದ ಜಾತಿಯ ಲವಣಗಳು ಕರಗಿರುತ್ತವಂತೆ, ಸೋಪು ಅವುಗಳ ಜೊತೆ ಸೇರಿ ಕೆನೆಯಂಥ ಕೊಳೆಯಾಗುತ್ತದಂತೆ. ನೊರೆ ಬರುವುದಿಲ್ಲ. ಕಾಸಿದರೆ ಆ ಸುಣ್ಣ ಕೆಳಗೆ ಕೂತು ನೀರು ಮೆದುವಾಗುತ್ತದೆ. ದನಿ ಅಲುಗಲಿಲ್ಲ. ನಾನು ಮುಖ ನೋಡುತ್ತಲೇ ಇದ್ದೆ.

"ಸುಳ್ಳು," ಎಂದೆ.

"ಯಾಕ ಸುಳ್ಳು?"

"ನಮ್ಮ ಬೋರಿನ ನೀರು ಕಾಸಿನೇ ನಿಮ್ಮಪ್ಪನ ಅಂಗಿ ತೊಳಿತೀನಿ. ನೀರು ಕಾಸೂ ಗುಂಡ್ಯಾಗ ತಳಕ್ಕ ಬೆಳ್ಳಗ ಕೂಡ್ತದ, ಖರೇ. ಆದ್ರ ನೊರಿ ಎಲ್ಲಿ ಬರ್ತದ?"

ಹುಡುಗಿ ತುಟಿ ಅಲ್ಲಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿಕೊಂಡಳು. ಸಿಕ್ಕಿಬಿದ್ದಳು ಎಂದು ನಾನು ಏಳುವುದರಲ್ಲಿದ್ದೆ. ಅವಳು ನನ್ನ ಕೈಯಿಂದ ಪುಸ್ತಕ ಕಸಿದುಕೊಂಡಳು. ಒಂದು ಪುಟ ಹುಡುಕಿ, ಬೆರಳಿಟ್ಟು ಓದಿದಳು. ಮತ್ತೆ ಓದಿದಳು, ಸದ್ದಿಲ್ಲದೆ. ಅಳು ಎಲ್ಲಿ ಹೋಯಿತೋ.

"ಎರಡು ಥರದ ಗಡಸು ಅದಾವ ಆಯಿ. ಒಂದು ಕಾಸಿದ್ರ ಹೋಗ್ತದ. ಇನ್ನೊಂದು ಕಾಸಿದ್ರ ಹೋಗಂಗಿಲ್ಲ, ಅದರ ಲವಣ ಬ್ಯಾರೆ. ನಮ್ಮ ಬೋರಿನಾಗ ಎರಡೂ ಅದಾವ." ಪುಸ್ತಕ ಮುಚ್ಚಿದಳು. "ಇದನ್ನ ಎಷ್ಟು ಸಲ ಒದರೀನಿ! ಇವೆರಡೂ ಒಂದ ಗುಂಡ್ಯಾಗ ಇರ್ತಾವ ಅಂತ ಹೊಳೀಲೇ ಇಲ್ಲ. ಪರೀಕ್ಷಾದಾಗ ಇದನ್ನ ಕೇಳಿದ್ರು, ಇಲ್ಲೇ ಹೋತು."

"ಅದಕ್ಕ ಏನ ಮಾಡಿದ್ರ ಹೋಗ್ತದ?"

ಹೇಳಿದಳು. ಯಾಕೆ ಎಂದೆ. ಹೇಳಿದಳು. ಅದು ಯಾಕೆ ಎಂದೆ. ಅಲ್ಲಿ ಮತ್ತೆ ನಿಂತಳು, ಮತ್ತೆ ಪುಸ್ತಕ ತೆರೆದಳು. ಅವಳು ಹೇಳಿದ್ದರಲ್ಲಿ ಅರ್ಧ ನನ್ನ ತಲೆಯ ಮೇಲೆ ಹಾದುಹೋಯಿತು. ಆದರೆ ಗೊತ್ತಿರುವವಳ ದನಿ ಯಾವುದು, ಗೊತ್ತಿದ್ದ ಹಾಗೆ ಮಾಡುವವಳ ದನಿ ಯಾವುದು, ಅಷ್ಟು ತಿಳಿಯಲು ಇಂಗ್ಲಿಷು ಬೇಕಾಗಿಲ್ಲ. ಎಲ್ಲಿ ನನಗೆ ಅನುಮಾನ ಬಂತೋ ಅಲ್ಲೇ ಅವಳಿಗೆ ಉತ್ತರ ಬರುತ್ತಿರಲಿಲ್ಲ.

"ಆಯಿ, ನೀ ನಮ್ಮ ಲೆಕ್ಚರರಕಿಂತ ಕೆಟ್ಟಾಕಿ," ಎಂದಳು ಕೊನೆಗೆ.

"ಹೌದು. ನಾಳೆ ಗಣಿತ ತಗೊಂಡು ಬಾ."

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ಅವಳು ಪಾಸಾದಳು. ವ್ಯಾನು ಹತ್ತಲಿಲ್ಲ. ಮಹಡಿಯ ಹುಡುಗಿ ತನ್ನಿಂದ ಎನ್ನುತ್ತಾಳೆ, ಮಗ ತನ್ನ ಬೈಗುಳದಿಂದ ಎನ್ನುತ್ತಾನೆ. ಎನ್ನಲಿ. ಪುಸ್ತಕ ಮುಚ್ಚಿ ಓದುವುದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ಮುಚ್ಚಿದವಳ ಎದುರಿಗೆ ಕೂತು ಕೇಳುವವರು ಒಬ್ಬರು ಬೇಕು.

ಆದರೆ ಅವತ್ತು ಉಳಿದಿದ್ದ ಕಷ್ಟ ಮಗನದು. ಅವನಿಗೆ ಇದನ್ನೆಲ್ಲ ತಿಳಿಸಿ ಹೇಳುತ್ತ ಕೂತಿದ್ದರೆ ಪರೀಕ್ಷೆಯೇ ಮುಗಿದುಹೋಗುತ್ತಿತ್ತು. ನನಗೆ ಹುಟ್ಟಿದವನು ಅವನು, ಕಿವಿಯನ್ನಲ್ಲದೆ ಇನ್ನೇನನ್ನೂ ನಂಬುವವನಲ್ಲ.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದ, ಉಂಡ, ಹಾಸಿಗೆಯ ಮೇಲೆ ಬಿದ್ದುಕೊಂಡ. "ಯವ್ವಾ, ದನಿ ಇಲ್ಲಲ್ಲ? ಓದಾಕತ್ತಿಲ್ಲೇನು?" ಎಂದ. "ಈಗ ಕೂಡ್ತಾಳ" ಎಂದು ನಾನೇ ಒಳಕೋಣೆಗೆ ಹೋದೆ. ಹುಡುಗಿ ಕಿವಿಗೆ ಹತ್ತಿ ಇಟ್ಟುಕೊಂಡು ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಟೇಪನ್ನು ಮೊದಲಿಗೆ ಸುತ್ತಿ ಇಟ್ಟಿದ್ದಳು. ಯಾವ ಗುಂಡಿ ಎಂದು ಹಿಂದಿನ ಸಂಜೆ ನೋಡಿಕೊಂಡಿದ್ದೆ. ಒತ್ತಿದೆ. ಓದು ಶುರುವಾಯಿತು. ಕದ ಮುಚ್ಚಿಕೊಂಡು ಬಂದೆ. ಮಗ ಗೋಡೆಯ ಕಡೆ ಹೊರಳಿದ.

ಸ್ವಲ್ಪ ಹೊತ್ತಿಗೆ ಸೊಪ್ಪಿನವಳು ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ನಾನು ಅವಳನ್ನು ಬೈದೆ. ಅವಳು ನನ್ನ ಮುಖ ನೋಡಿದಳು, ಹಿಂದಿನ ಮುಚ್ಚಿದ ಕದ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ನಿದ್ದೆಗಣ್ಣಿನಲ್ಲಿ ಮಗ, "ಯವ್ವಾ, ಮೆಲ್ಲಗ ಮಾತಾಡಬಾರದೇನು" ಎಂದು ಗೊಣಗಿದ. ನಾನು ಬುಟ್ಟಿಯಿಂದ ಒಂದು ಕಟ್ಟು ಪುಂಡಿಪಲ್ಯೆ ಎತ್ತಿಕೊಂಡೆ. ನಿನ್ನೆಯದೇ, ಎಲೆ ಬಾಡಿತ್ತು. ಏನೂ ಅನ್ನದೆ ತಗೊಂಡು ಒಳಗೆ ಹೋದೆ.