ಅಕ್ಕ-ತಂಗಿಯನ್ನು ಆಡಿಸಿದ ವಿಜೇತ್

"ಅಲ್ಲ ಮಾರಾಯ, ನೀನು ಅವರಿಬ್ಬರಿಗೂ ಸುಳ್ಳು ಹೇಳಿದ್ದು ಎಂತಕ್ಕೆ?"

"ಸುಳ್ಳಲ್ಲ. ಅದು ಟೆಸ್ಟಿಂಗ್ ಮೆಥಡ್. ಥರ್ಡ್ ಸೆಮ್‌ನಲ್ಲಿ ಕಲಿಸಿದ್ದಾರೆ. ನೀನು ಕ್ಲಾಸಿನಲ್ಲಿ ನಿದ್ದೆ ಮಾಡ್ತಾ ಇದ್ದದ್ದಾ?"

"ನಿದ್ದೆ ಮಾಡಿದ್ದು ನೀನು. ನೋಟ್ಸ್ ಬರೆದದ್ದು ನಾನು. ಅದನ್ನೇ ಜೆರಾಕ್ಸ್ ಮಾಡಿಸಿ ನೀನು ಪಾಸಾದದ್ದು. ಅದರಲ್ಲಿ ಎಲ್ಲಿಯಾದ್ರೂ ಅಮ್ಮನಿಗೆ, ದೊಡ್ಡಮ್ಮನಿಗೆ ಮೋಸ ಮಾಡಿ ಅಂತ ಉಂಟಾ?"

ವಿಜೇತ್ ಬದಿಯಡ್ಕದಿಂದ ಬೆಳ್ಳೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಂಬಿಗೆ ಹಣೆ ಒತ್ತಿ ಕೂತ. ಮಡಿಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಒಂದು ಫಾರ್ಮು. ಆ ಫಾರ್ಮಿಗೆ ಅವನ ದೊಡ್ಡಮ್ಮನ ಸಹಿ ಬೇಕು. ಸೋಮವಾರದೊಳಗೆ ಸಹಿ ಬಾರದಿದ್ದರೆ ಪ್ರಾಜೆಕ್ಟು ಹೋಯಿತು, ಪ್ರಾಜೆಕ್ಟು ಹೋದರೆ ಸೆಮಿಸ್ಟರೇ ಹೋಯಿತು. ಆದರೆ ದೊಡ್ಡಮ್ಮ ಹದಿನಾರು ದಿನಗಳಿಂದ ಅವನ ಫೋನು ಎತ್ತಿಲ್ಲ.

ನಾವಿಬ್ಬರೂ ಮಂಗಳೂರಿನ ಒಂದು ಕಾಲೇಜಿನಲ್ಲಿ ಗೇಮ್ ಡಿಸೈನ್ ಓದುತ್ತಿದ್ದೇವೆ. ಹೀಗೆ ಹೇಳುವಾಗ ನನಗೆ ಈಗಲೂ ಒಳಗಿಂದ ಒಂದು ಖುಷಿ ಉಕ್ಕುತ್ತದೆ, ಏಕೆಂದರೆ ಬೇರೆಯವರು ಕ್ಲಾಸಿನಲ್ಲಿ ಡೆಸ್ಕಿನ ಅಡಿಯಲ್ಲಿ ಕದ್ದು ಆಡುವುದನ್ನು ನಾವು ಡೆಸ್ಕಿನ ಮೇಲಿಟ್ಟು ಆಡುತ್ತೇವೆ, ಆಡಿದ ಮೇಲೆ ಅದು ಏಕೆ ಮಜಾ ಕೊಟ್ಟಿತು ಎಂದು ಎರಡು ಗಂಟೆ ವಾದ ಮಾಡುತ್ತೇವೆ, ಅದಕ್ಕೆ ಮಾರ್ಕೂ ಸಿಗುತ್ತದೆ! ನಮ್ಮ ಕ್ಲಾಸಿನ ಮೂವತ್ತೆರಡು ಜನರಲ್ಲಿ ಒಬ್ಬೊಬ್ಬರದು ಒಂದೊಂದು ಹುಚ್ಚು. ಒಬ್ಬನಿಗೆ ಬಂದೂಕು, ಒಬ್ಬಳಿಗೆ ಕಾರು, ನನಗೆ ಒಗಟು. ವಿಜೇತನಿಗೆ ಮಾತ್ರ ಚೆನ್ನೆಮಣೆ.

ಬೇರೆ ಊರಿನವರು ಅಳಗುಳಿಮಣೆ ಎನ್ನುವುದನ್ನೇ ನಮ್ಮ ಕಡೆ ಚೆನ್ನೆ ಎನ್ನುತ್ತಾರೆ. ಮಣೆಯ ಆಚೆ ಏಳು, ಈಚೆ ಏಳು ಗುಳಿ, ಒಂದೊಂದು ಗುಳಿಗೆ ನಾಲ್ಕು ನಾಲ್ಕು ಕೆಂಪು ಮಂಜೊಟ್ಟಿ ಕಾಳು. ಆಡುವುದು ಮಳೆಗಾಲದ ಆಟಿ ತಿಂಗಳಿನಲ್ಲಿ ಮಾತ್ರ. ಆಟಿ ಕಳೆದ ಮೇಲೆ ಮಣೆ ಅಟ್ಟಕ್ಕೆ. ವಿಜೇತನಿಗೆ ಇದನ್ನು ಕಲಿಸಿದ್ದು ವಾರಿಜ ದೊಡ್ಡಮ್ಮ, ಅವನ ಅಮ್ಮನ ಅಕ್ಕ. ಅಂಗನವಾಡಿ ಟೀಚರಾಗಿದ್ದವರು, ಮದುವೆಯಾಗದವರು. ಅಮ್ಮ ಸೌದಾಮಿನಿ ಬದಿಯಡ್ಕದ ಅಂಗಡಿಯಲ್ಲಿ ಬ್ಲೌಸು ಹೊಲಿಯುವಾಗ ಅವನು ಬೆಳೆದದ್ದೆಲ್ಲ ಈ ದೊಡ್ಡಮ್ಮನ ಹತ್ತಿರ. ನಾಲ್ಕನೇ ವಯಸ್ಸಿಗೆ ಅವನಿಗೆ ಲೆಕ್ಕ ಬಂದದ್ದು ಸ್ಲೇಟಿನಿಂದಲ್ಲ, ಮಂಜೊಟ್ಟಿಯಿಂದ.

ಪ್ಲಸ್ ಟು ಮುಗಿದಾಗ ಇಂಜಿನಿಯರಿಂಗಿಗೆ ಹೋಗುವುದಿಲ್ಲ ಎಂದು ಅವನು ಹೇಳಿದ ದಿನ ಮನೆಯಲ್ಲಿ ದೊಡ್ಡ ಗಲಾಟೆಯಂತೆ. ಅಪ್ಪ ಮಹಾಬಲಣ್ಣ ಪ್ರೈವೇಟ್ ಬಸ್ಸಿನ ಡ್ರೈವರು, ಹಾರ್ನಿನಷ್ಟೇ ಜೋರು ಅವರ ಸ್ವರ.

"ಆಟ ಆಡ್ಲಿಕ್ಕೆ ಕಾಲೇಜಿಗೆ ಹೋಗ್ಬೇಕಾ? ಹಾಗಾದ್ರೆ ನಾನೂ ನಿದ್ದೆ ಮಾಡ್ಲಿಕ್ಕೆ ಒಂದು ಕಾಲೇಜು ಹುಡುಕ್ತೇನೆ!"

ಆಗ ದೊಡ್ಡಮ್ಮ, "ಭಾವ, ನೀವು ಬಸ್ಸು ಬಿಡ್ತೀರಿ. ಆದರೆ ಬಸ್ಸು ಮಾಡಿದವ ಒಬ್ಬ ಬೇರೆ ಇದ್ದಾನಲ್ಲ? ಇವ ಆಡುವವ ಅಲ್ಲ, ಮಾಡುವವ" ಎಂದರಂತೆ. ವಿಜೇತ್ ನಮ್ಮ ಕ್ಲಾಸಿಗೆ ಬಂದದ್ದು ಹಾಗೆ.

ಅವನ ಪ್ರಾಜೆಕ್ಟು ಫೋನಿನಲ್ಲಿ ಆಡುವ ಚೆನ್ನೆ. ಅಂಥವು ಬೇಕಾದಷ್ಟಿವೆ, ಆದರೆ ಅವುಗಳಲ್ಲಿ ಎದುರಾಳಿಯ ಆಟ ಕ್ಯಾಲ್ಕುಲೇಟರಿನ ಹಾಗೆ ಎಂದು ಇವನ ತಕರಾರು. ಮನುಷ್ಯರು ಆಸೆ ಪಡುತ್ತಾರೆ, ಹಟ ಹಿಡಿಯುತ್ತಾರೆ, ಬೇಕೆಂದೇ ಸೋಲುತ್ತಾರೆ. ನಿಜವಾಗಿ ಆಡಬಲ್ಲವರ ಆಟ ರೆಕಾರ್ಡ್ ಮಾಡಿ, ಅದರಿಂದ ಕಂಪ್ಯೂಟರಿಗೆ ಆ ಕೈ ಕಲಿಸಬೇಕೆಂದು ಅವನ ಪ್ಲಾನು. ನಮ್ಮ ಗೈಡ್ ಯತಿನ್ ಸರ್ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. ನನಗಂತೂ ಹೊಟ್ಟೆಕಿಚ್ಚಿನಿಂದ ಅವತ್ತು ಊಟ ಸೇರಲಿಲ್ಲ.

ಆದರೆ ಅಂಥ ಆಟಗಾರರು ಎಲ್ಲಿದ್ದಾರೆ? ನೆರೆಕರೆಯಲ್ಲಿ ಈಗ ಯಾರೂ ಮಣೆ ಇಳಿಸುವುದಿಲ್ಲ. ಸರಿಯಾಗಿ ಆಡಬಲ್ಲವರೆಂದು ಅವನಿಗೆ ಗೊತ್ತಿದ್ದದ್ದು ಇಬ್ಬರೇ, ಅಮ್ಮ ಮತ್ತು ದೊಡ್ಡಮ್ಮ. ಅವರು ಒಬ್ಬರ ಎದುರು ಒಬ್ಬರು ಆಡುವಂತಿಲ್ಲ. ಅಕ್ಕ-ತಂಗಿ ಚೆನ್ನೆಗೆ ಎದುರುಬದುರು ಕೂರಬಾರದು, ಕೂತರೆ ಬೇರೆಯಾಗುತ್ತಾರೆ ಎಂದು ಅವರ ಅಜ್ಜಿಯ ಕಾಲದಿಂದ ನಡೆದು ಬಂದ ಕ್ರಮ. ಐವತ್ತು ವರ್ಷ ಒಬ್ಬರ ಆಟ ಒಬ್ಬರು ಪಕ್ಕದಲ್ಲಿ ಕೂತು ನೋಡಿದ್ದಾರೆ. ಎದುರು ಕೂತಿಲ್ಲ.

ವಿಜೇತ್ ಎರಡು ಫೋನುಗಳಿಗೆ ಆಟ ಹಾಕಿದ. ಒಂದನ್ನು ಬೆಳ್ಳೂರಿನಲ್ಲಿ ದೊಡ್ಡಮ್ಮನಿಗೆ, ಒಂದನ್ನು ಬದಿಯಡ್ಕದಲ್ಲಿ ಅಮ್ಮನಿಗೆ ಕೊಟ್ಟ. ಇಬ್ಬರಿಗೂ ಹೇಳಿದ್ದು ಒಂದೇ ಮಾತು: "ನೀವು ಆಡುವುದು ಕಂಪ್ಯೂಟರಿನ ಜೊತೆ."

ಆ ದಿನ ನಾನು ಸೌದಾಮಿನಿ ಆಂಟಿಯ ಅಂಗಡಿಯಲ್ಲೇ ಇದ್ದೆ. ಆಂಟಿ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು, ಫೋನನ್ನು ಹೊಲಿಗೆ ಮಿಷಿನಿಗೆ ಒರಗಿಸಿ ಆಡುತ್ತಿದ್ದರು. ಮೊದಲನೆಯ ಆಟ ಗೆದ್ದರು, ಎರಡನೆಯದು ಸೋತರು, ಮೂರನೆಯದನ್ನು ಎರಡು ಕಾಳಿನಲ್ಲಿ ಗೆದ್ದರು. ಬ್ಲೌಸಿಗೆ ಬಂದ ಗಿರಾಕಿಗಳೆಲ್ಲ ಬ್ಲೌಸು ಮರೆತು ಬಗ್ಗಿ ನಿಂತಿದ್ದರು. ನಾನು ಸಂತೋಷ ತಡೆಯಲಾರದೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ಆಟದ ನಡುವೆ ಆಂಟಿಯ ಬೆರಳು ಸ್ಕ್ರೀನಿನ ಮೇಲೆ ನಿಂತುಬಿಟ್ಟಿತು.

"ವಿಜೇ, ಇದು ಮಿಷಿನ್ ಅಲ್ಲ."

"ಮಿಷಿನೇ ಅಮ್ಮ."

"ಮೂಲೆಯ ಗುಳಿಯಲ್ಲಿ ಒಂಬತ್ತು ಕಾಳು ಉಂಟು. ಮುಟ್ಟುದಿಲ್ಲ. ಸೋತರೂ ಮುಟ್ಟುದಿಲ್ಲ. ಹೀಗೆ ಕೂಡಿಡುವವರು ಲೋಕದಲ್ಲಿ ಒಬ್ಬರೇ ಇರುದು."

ಆಟಗಾರನ ಕೈಯ ಗುರುತು ಎಂದು ನಮಗೆ ಒಂದು ಇಡೀ ಯೂನಿಟ್ ಇದೆ, ಪವರ್‌ಪಾಯಿಂಟಿನಲ್ಲಿ ನಲವತ್ತು ಸ್ಲೈಡು. ಆಂಟಿ ಅದನ್ನು ಒಂದೇ ಗುಳಿ ನೋಡಿ ಹೇಳಿದರು, ನಾನು ಪೆದ್ದಿಯ ಹಾಗೆ ಚಪ್ಪಾಳೆಯನ್ನೂ ತಟ್ಟಿದೆ. ಆಮೇಲೆ ಅವರ ಮುಖ ನೋಡಿದೆ. ಅವರು ಸ್ಪೀಕರ್ ಹಾಕಿ ಅಕ್ಕನಿಗೆ ಫೋನ್ ಮಾಡಿದರು.

"ಅಕ್ಕ, ಎಂತ ಮಾಡ್ತಾ ಇದ್ದಿ?"

"ವಿಜಿಯ ಕಂಪ್ಯೂಟರಿಗೆ ಬುದ್ಧಿ ಕಲಿಸ್ತಾ ಇದ್ದೇನೆ. ಒಳ್ಳೆ ಆಡ್ತದೆ ಮಾರಾಯ್ತಿ, ನಿನ್ನ ಹಾಗೆ."

ನಿನ್ನ ಹಾಗೆ ಎಂದದ್ದೇ ದೊಡ್ಡಮ್ಮನಿಗೂ ಹೊಳೆದಿರಬೇಕು. ಆ ಕಡೆಯಿಂದ ಫೋನು ಕಟ್ಟಾಯಿತು.

ಅದರ ಮೇಲೆ ಇವತ್ತಿಗೆ ಹದಿನಾರು ದಿನ. ಪ್ರತಿ ಗುರುವಾರ ಅಂಗಡಿಗೆ ಬಂದು ಹುಕ್ಕು, ಗುಂಡಿ ಹೊಲಿದು ಕೊಡುತ್ತಿದ್ದ ದೊಡ್ಡಮ್ಮ ಬರಲಿಲ್ಲ. ಆಟಿ ಮುಗಿಯಿತು. ಹೊಸಬರನ್ನು ಹುಡುಕಿ ಆಡಿಸೋಣವೆಂದರೆ ಮುಂದಿನ ವರ್ಷದವರೆಗೆ ಯಾರೂ ಮಣೆ ಮುಟ್ಟುವುದಿಲ್ಲ. ರೆಕಾರ್ಡ್ ಆದ ಆಟಗಳಿವೆ, ಬಂಗಾರದಂಥವು, ಆದರೆ ಆಡಿದವರಿಬ್ಬರ ಸಹಿ ಇಲ್ಲದೆ ಕಾಲೇಜಿನಲ್ಲಿ ಅವನ್ನು ಬಳಸುವಂತಿಲ್ಲ. ಆಂಟಿ ಅಂದದ್ದು ಇಷ್ಟೇ: "ಅಕ್ಕ ಹಾಕಿದ್ರೆ ನಾನೂ ಹಾಕ್ತೇನೆ."

ಬಸ್ಸಿಳಿದು ಹತ್ತು ನಿಮಿಷ ನಡೆದೆವು. ದೊಡ್ಡಮ್ಮ ತಾರಸಿ ಮನೆಯ ಜಗಲಿಯಲ್ಲಿ ಕಾಲು ಚಾಚಿ ಅಲಸಂಡೆ ಮುರಿಯುತ್ತಿದ್ದರು. ತಲೆಯೆತ್ತಿ ಅವನನ್ನು ಬಿಟ್ಟು ನನ್ನನ್ನು ನೋಡಿದರು.

"ನೀನು ಯಾರು ಮಗಾ?"

"ಶ್ರೀರಂಜಿನಿ. ಇವನ ಕ್ಲಾಸು."

"ನೀನೂ ಆಟವೇ ಕಲಿಯುದಾ? ಮನೆಯಲ್ಲಿ ಬೈಯುದಿಲ್ವಾ?"

"ಬೈತಾರೆ."

"ಬೈಲಿ. ಇವನ ಅಪ್ಪನಷ್ಟು ಜೋರು ಯಾರೂ ಬೈಲಿಕ್ಕಿಲ್ಲ." ಅವರು ನಕ್ಕರು. ಎಲ್ಲ ಸರಿಹೋಯಿತೆಂದು ನಾನು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಚಹಾ ಬಂತು, ಅವಲಕ್ಕಿ ಬಂತು. ವಿಜೇತ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ನಾನು ಮೊಣಕೈಯಿಂದ ತಿವಿದೆ.

"ದೊಡ್ಡಮ್ಮ," ಎಂದ. "ನೀವು ಅಮ್ಮನಿಗೆ ಒಂದು ಫೋನ್ ಮಾಡಿ."

"ಮಾಡಿ ಎಂತ ಹೇಳುದು?"

"ಎಂತಾದ್ರೂ. ಊಟ ಆಯ್ತಾ ಅಂತ."

"ಊಟ ಆಯ್ತಾ ಅಂತ ಕೇಳಿದ್ರೆ ಎಂತ ಪದಾರ್ಥ ಅಂತ ಬರ್ತದೆ. ಮತ್ತೆ ನನ್ನ ಫೋನು ಯಾಕೆ ಇಷ್ಟು ದಿನ ಇಲ್ಲ ಅಂತ ಬರ್ತದೆ. ಮಾತಿಗೆ ಮಾತು ಬೆಳೀತದೆ. ಆಡ್ಬಾರದ್ದು ಆಡಿ ಆಯ್ತು ಮಗಾ. ಇನ್ನು ಜಗಳ ಒಂದು ಬಾಕಿ. ಅದು ಬಾರದ ಹಾಗೆ ನಾನು ಇಲ್ಲಿ ಕೂತದ್ದು."

"ಅಮ್ಮನೂ ಹೀಗೆಯೇ ಹೇಳುದು."

"ಹೇಳಿದ್ಲಾ?" ದೊಡ್ಡಮ್ಮನ ಕೈ ನಿಂತಿತು.

"ನೀನೂ ಮಾತಾಡುದಿಲ್ಲ, ಅವಳೂ ಮಾತಾಡುದಿಲ್ಲ. ಹೀಗೆ ಕೂತ್ರೆ ಅದು ಬೇರೆ ಆದ ಹಾಗೆಯೇ ಅಲ್ವಾ?" ಅವನ ಬಾಯಿಯಲ್ಲಿ ನೀವು ಹೋಗಿ ನೀನು ಬಂದಿತ್ತು, ಸಣ್ಣ ಮಗುವಿನ ಹಾಗೆ.

ದೊಡ್ಡಮ್ಮನ ಕೈಯಲ್ಲಿ ಅಲಸಂಡೆ ಟಕ್ ಟಕ್ ಮುರಿಯಿತು.

"ಬ್ಯಾಗಿನಲ್ಲಿ ಎಂತ ಉಂಟು? ಆಗಿನಿಂದ ಅಪ್ಪಿ ಹಿಡಿದುಕೊಂಡಿದ್ದಿ."

ಅವನು ತೆಗೆಯಲಿಲ್ಲ. ನಾನೇ ಫಾರ್ಮು ತೆಗೆದುಕೊಟ್ಟೆ. ಇಂಗ್ಲಿಷಿನಲ್ಲಿದ್ದದ್ದನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ, ಬಹಳ ಉತ್ಸಾಹದಿಂದ: ಯಾರೊಡನೆ ಆಡುತ್ತಿದ್ದೇನೆಂದು ತಿಳಿದು, ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ ನಾನು ಈ ಆಟದಲ್ಲಿ ಭಾಗವಹಿಸಿದ್ದೇನೆ.

ದೊಡ್ಡಮ್ಮ ಕನ್ನಡಕ ಹಾಕಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ಗೊತ್ತಿಲ್ಲದೆ ಆಡಿದ್ದು ಅಂತ ಹೇಳಿ ದೇವರ ಎದುರು ತಪ್ಪುಕಾಣಿಕೆ ಇಟ್ಟು ಬಂದಿದ್ದೇನೆ," ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ನನಗೆ ಉಳಿದದ್ದು ಅದೊಂದೇ. ಇದಕ್ಕೆ ಸಹಿ ಹಾಕಿದ್ರೆ ಗೊತ್ತಿದ್ದೇ ತಂಗಿಯ ಎದುರು ಕೂತೆ ಅಂತ ಆಗ್ತದೆ. ಅದನ್ನು ಬರೆಸಿಕೊಳ್ಳಲಿಕ್ಕೆ ನೀನು ಬಂದದ್ದಾ ಮಗಾ?"

ನನಗೆ ಭೂಮಿ ಬಾಯಿಬಿಡಲಿ ಅನ್ನಿಸಿತು. ವಿಜೇತ್ ಕಾಗದ ಹಿಂದಕ್ಕೆ ತೆಗೆದುಕೊಂಡು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿದ.

ಹೊರಟು ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಹಿಂದಿನಿಂದ ಮೆಲ್ಲಗೆ ಕೇಳಿದರು.

"ವಿಜೇ, ಆ ನಾಲ್ಕನೇ ಆಟದಲ್ಲಿ ಯಾರದು ಮೇಲೆ ಇತ್ತು?"

ಅವನು ತಿರುಗಿದ. ಅವನಿಗೆ ಪ್ರತಿ ಕಾಳೂ ಗೊತ್ತು. ಬಾಯಿ ತೆರೆದ, ಅಷ್ಟರಲ್ಲಿ ಅವರೇ ಎರಡೂ ಕೈ ಎತ್ತಿ ತಡೆದರು.

"ಬೇಡ, ಬೇಡ. ಹೇಳ್ಬೇಡ. ಕೇಳಿದ್ದು ಮರೆತುಬಿಡು. ಹೋಗಿ, ಬಸ್ಸು ತಪ್ತದೆ."

ಬಸ್ಸು ತಪ್ಪಿಯೂ ಆಗಿತ್ತು. ಮುಂದಿನದಕ್ಕೆ ನಲವತ್ತು ನಿಮಿಷ. ನಾನು ಒಂದರ ಮೇಲೊಂದು ಐಡಿಯಾ ಕೊಟ್ಟೆ: ಫಾರ್ಮಿನ ಮಾತು ಬದಲಿಸೋಣ, ಯತಿನ್ ಸರ್ ಹತ್ತಿರ ನಾನೇ ಮಾತಾಡುತ್ತೇನೆ, ಹೆಬ್ಬೆರಳು ಒತ್ತಿಸೋಣ. ಅವನು ಎಲ್ಲದಕ್ಕೂ ತಲೆಯಾಡಿಸಿದ, ಬೇಡವೆಂದು.

"ಮತ್ತೆ ಸೋಮವಾರ ಎಂತ ಮಾಡ್ತಿ?"

"ಗೊತ್ತಿಲ್ಲ. ಆಟಗಳನ್ನು ಡಿಲೀಟ್ ಮಾಡಿ, ಪ್ರಾಜೆಕ್ಟ್ ಇಲ್ಲ ಅಂತ ಹೇಳುದು."

"ಮತ್ತೆ?"

"ಮತ್ತೆ ಮುಂದಿನ ಗುರುವಾರ ಇಲ್ಲಿಗೆ ಬರುದು."

"ಇಲ್ಲಿಗೆ ಎಂತಕ್ಕೆ? ಸೋಮವಾರಕ್ಕೇ ಎಲ್ಲ ಮುಗಿತದಲ್ಲ ಮಾರಾಯ!"

"ಕಾಲೇಜಿನದ್ದು ಮುಗಿತದೆ," ಎಂದ. "ಗುರುವಾರ ದೊಡ್ಡಮ್ಮ ಅಂಗಡಿಗೆ ಬರ್ತಾ ಇದ್ದ ದಿನ. ಎರಡು ಗಂಟೆಗೆ ಕ್ಲಾಸು ಬಿಟ್ಟ ಕೂಡ್ಲೇ ಹೊರಟ್ರೆ ನಾಲ್ಕೂವರೆಗೆ ಬದಿಯಡ್ಕ. ಅಂಗಡಿಯಲ್ಲಿ ಅಮ್ಮನ ಹತ್ರ ಕೇಳ್ತೇನೆ, ಬರ್ತೀಯಾ ಅಂತ. ಬರುದಿಲ್ಲ ಅಂದ್ರೆ ನಾನೇ ಬಂದು ಕೂತು ಹೋಗುದು. ನೀನೂ ಬರ್ತೀಯಾ?"

ನಾನು ಫೋನು ತೆಗೆದು ಗುರುವಾರಕ್ಕೆ ಎರಡು ಗಂಟೆಯ ಅಲಾರಂ ಇಟ್ಟೆ.