ಮೂರನೆಯ ಪಾಠ

ಜಯಮಾಲಾಳ ನೆನಪಾದರೆ ಇವತ್ತಿಗೂ ನಾನು ತಲೆ ತಗ್ಗಿಸುತ್ತೇನೆ. ಮಾಡಿದ್ದು ಅಂಥ ಘನಕಾರ್ಯ.

ಎರಡು ಸಾವಿರದ ಎಂಟರ ಮಾತು. ಹುಮನಾಬಾದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಮೊಬೈಲ್ ಅಂಗಡಿ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವುದೇ ಮುಖ್ಯ ಧಂದೆ. ಜಯಮಾಲಾ ಘಾಟಬೋರಾಳದ ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವಳು. ಹೊಸದಾಗಿ ತೆರೆಯಲಿದ್ದ ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರ್ ಆಗಬೇಕೆಂದು ಹಂಬಲಿಸುತ್ತಿದ್ದಳು. ಸಂದರ್ಶನಕ್ಕೆ ಎರಡು ತಿಂಗಳಿತ್ತು.

"ಹಾಡು ಬ್ಯಾಡ್ರಿ ಗುರುಶಾಂತಣ್ಣಾ. ಇಂಗ್ಲಿಷ್ ಕಲಿಸೋ ಪಾಡ್‌ಕಾಸ್ಟ್ ಅಂತ ಅದಾವಂತ. ವಾರಕ್ಕೊಂದು ಪಾಠ ಹಾಕಿ ಕೊಡ್ರಿ. ರೊಟ್ಟಿ ಬಡಿತಾ ಕೇಳ್ತೀನಿ," ಎಂದಳು.

ನನ್ನ ಅಂಗಡಿಯಲ್ಲಿ ಇಂಟರ್ನೆಟ್ ಇರಲಿಲ್ಲ. ಮೂರು ಭಾನುವಾರ ಬಸ್ ಹಿಡಿದು ಬಸವಕಲ್ಯಾಣದ ಸೈಬರ್ ಕೆಫೆಗೆ ಹೋಗಿ ಪಾಠ ಇಳಿಸಿ ತಂದೆ. ಒಂದು ಪಾಠ ಇಳಿಯುವಷ್ಟರಲ್ಲಿ ಎರಡು ಚಹಾ ಮುಗಿಯುತ್ತಿದ್ದವು. ನಾಲ್ಕನೆಯ ಭಾನುವಾರ ಮೈಗಳ್ಳತನ ಮಾಡಿ ಮಲಗಿಬಿಟ್ಟೆ. ಮರುದಿನ ಕಾರ್ಡಿನಲ್ಲಿದ್ದ ಮೂರನೆಯ ಪಾಠವನ್ನೇ ಅಳಿಸಿ, ಹೊಸದೆಂಬಂತೆ ಮತ್ತೆ ಅದನ್ನೇ ತುಂಬಿಸಿ ಕೊಟ್ಟೆ. ಇವಳೇನು ಕಿವಿಗೊಟ್ಟು ಕೇಳುತ್ತಾಳೆಯೇ ಎಂಬ ಸೊಕ್ಕು. ಮುಂದಿನ ವಾರ ಅವಳು ಎಂದಿನಂತೆ ಕಾರ್ಡು ತಂದುಕೊಟ್ಟಳು. ಅದೇ ಸಲಿಗೆಯಲ್ಲಿ ಐದು ವಾರ ಅದೇ ಪಾಠ ಕೊಟ್ಟೆ, ಬೇಶರಮಿ, ನಾಚಿಕೆಗೆಟ್ಟವ ನಾನು.

ಸಂದರ್ಶನದ ಮರುದಿನ ಬಂದು ಸ್ಟೂಲಿನ ಮೇಲೆ ಕೂತಳು.

"ಆಗಲಿಲ್ರಿ ಅಣ್ಣಾ. ಮಕ್ಕಳಿಗೆ ಹ್ಯಾಂಗ ಕಲಿಸ್ತಿ ಅಂತ ಇಂಗ್ಲಿಷಿನಾಗ ಕೇಳಿದ್ರು. ನನಗ ಮೂರನೇ ಪಾಠದಾಗಿನ ರೈಲ್ವೆ ಟಿಕೇಟ್ ಕೇಳೋದಷ್ಟೇ ಬರ್ತದ."

"ತಪ್ಪು ನಂದು ಅಕ್ಕಾ..." ಎಂದು ಶುರು ಮಾಡಿದೆ.

"ಛೇ, ನಿಮ್ದೇನು ತಪ್ಪು? ನಮ್ಮ ಮಠದಾಗ ಅಪ್ಪಾವರು ಒಂದು ವಚನ ಬಾಯಿಪಾಠ ಆಗೋತನಕ ಮುಂದಿಂದು ಹೇಳಿಕೊಡಂಗಿಲ್ಲ. ನೀವೂ ಹಂಗೇ ಐದು ವಾರ ಕಾದ್ರಿ. ನನ್ನ ತಲಿಗೇ ಲಗೂನ ಹತ್ತಲಿಲ್ಲ. ಈಗ ಬಂದದ ನೋಡ್ರಿ."

ಅಲ್ಲೇ ಎದ್ದು ನಿಂತು, ಕೈ ಕಟ್ಟಿಕೊಂಡು, ಮೂರನೆಯ ಪಾಠವನ್ನು ಮೊದಲಿನಿಂದ ಕೊನೆಯ ತನಕ ಒಪ್ಪಿಸಿದಳು. ಎಲ್ಲಿಯೂ ತಡವರಿಸಲಿಲ್ಲ. ಒಂದಕ್ಷರ ಇಂಗ್ಲಿಷ್ ಬಾರದ ನಾನು ಗುರುವಿನಂತೆ ಕೂತು ಕೇಳಿದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಮುಗಿಸಿ, ಕಾರ್ಡು ಮುಂದೆ ಹಿಡಿದಳು.

"ಇನ್ನರ ನಾಕನೇದು ಕೊಡ್ತೀರೇನ್ರಿ?"

ನಿಜ ಹೇಳದೇ ಕಾರ್ಡು ತೆಗೆದುಕೊಂಡೆ. ನಾಳೆ ಬಾ ಎಂದೆ. ಅವಳು ಹೋದ ಮೇಲೆ ಶಟರ್ ಎಳೆದು, ಬಸವಕಲ್ಯಾಣದ ಬಸ್ ಹತ್ತಿದೆ.